ಫಾಸ್ಟರ್ ಕೇರ್ ಬಿಟ್ಟ ಮೇಲೂ 26ರ ತನಕ ಮೆಡಿಕೇಡ್ ಇದೆ

ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಬದಲು ಬೇರೆಯವರು ನೋಡಿಕೊಳ್ಳಲಿ ಅಂತ ಸರ್ಕಾರ ಒಪ್ಪಿಸಿ, ನಿಮ್ಮ ಮನೆಯಲ್ಲಿ ಬೆಳೆದ ಹುಡುಗಿಗೆ ಈಗಷ್ಟೇ 18 ತುಂಬಿದೆ, ಒಹಾಯೋದಿಂದ ಟೆಕ್ಸಾಸ್‌ಗೆ ಕೆಲಸಕ್ಕೆ ಹೊರಟಿದ್ದಾಳೆ, ಮೆಡಿಕೇಡ್ (ಮುಖ್ಯವಾಗಿ ಕಡಿಮೆ ಆದಾಯದವರಿಗೆ ಅಮೆರಿಕದ ಸರ್ಕಾರ ಕೊಡುವ ಆರೋಗ್ಯ ವಿಮೆ) ನಿಂತುಹೋಗುತ್ತದಾ, ದುಡ್ಡು ಕೊಟ್ಟು ಇನ್ಶೂರೆನ್ಸ್ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಬೇಡ, ಸದ್ಯಕ್ಕೆ ಏನೂ ಕೊಳ್ಳಬೇಡಿ. 18 ತುಂಬಿದಾಗ ಫಾಸ್ಟರ್ ಕೇರ್‌ನಲ್ಲಿದ್ದು ಮೆಡಿಕೇಡ್ ಇದ್ದವರಿಗೆ 26 ತುಂಬುವವರೆಗೂ ಅದು ಸಿಗಬೇಕು. 2014ರಿಂದ ಇರುವ ಕಾನೂನು ಇದು. ಸಂಬಳ ಎಷ್ಟು ಅಂತ ನೋಡುವ ಹಾಗಿಲ್ಲ. ಮೊದಲು ರಾಜ್ಯ ಬದಲಿಸಿದರೆ ಕೈತಪ್ಪುವ ಭಯ ಇತ್ತು. 2023ರ ಜನವರಿ 1ರಿಂದ ಈಚೆಗೆ 18 ತುಂಬಿದವರಿಗೆ ಯಾವ ರಾಜ್ಯವಾದರೂ ಕೊಡಲೇಬೇಕು.

ಆದರೆ ಒಹಾಯೋ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಟೆಕ್ಸಾಸ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. 18 ತುಂಬಿದಾಗ ಫಾಸ್ಟರ್ ಕೇರ್‌ನಲ್ಲಿದ್ದೆ ಅನ್ನೋದನ್ನು ಅರ್ಜಿಯಲ್ಲಿ ತಪ್ಪದೆ ಹೇಳಲಿ. ಅದು ಬಿಟ್ಟುಹೋದರೆ ಸಂಬಳ ನೋಡಿ ತಿರಸ್ಕರಿಸಬಹುದು. ಮಕ್ಕಳಿಲ್ಲದ ವಯಸ್ಕರಿಗೆ ಟೆಕ್ಸಾಸ್‌ನಲ್ಲಿ ಬೇರೆ ದಾರಿಯಲ್ಲಿ ಮೆಡಿಕೇಡ್ ಸಿಗೋದು ತುಂಬಾ ಕಷ್ಟ. ಫಾಸ್ಟರ್ ಕೇರ್‌ನಲ್ಲಿದ್ದಳು ಅನ್ನುವ ಕಾಗದವನ್ನು ಅವಳ ಸೋಶಿಯಲ್ ವರ್ಕರ್ ಹತ್ತಿರ ಹೊರಡುವ ಮುಂಚೆಯೇ ಕೇಳಿ ಇಸ್ಕೊಳ್ಳಿ.

ನನಗೆ ಜಾಸ್ತಿ ಚಿಂತೆ ಇರೋದು ಆಮೇಲಿನ ವರ್ಷಗಳದ್ದು. ನಮ್ಮ ಮನೆಯಲ್ಲಿ ಎರಡು ವರ್ಷ ಇದ್ದ ಹುಡುಗ ಹೊರಗೆ ಹೋದ ಮೇಲೆ ಒಂದೇ ವರ್ಷದಲ್ಲಿ ಮೂರು ರೂಮು ಬದಲಿಸಿದ. ಮೆಡಿಕೇಡ್ ನವೀಕರಣದ ಪತ್ರ ಹಳೇ ರೂಮಿಗೆ ಹೋಯಿತು, ಯಾರೂ ಒಡೆದು ನೋಡಲಿಲ್ಲ. ಕವರೇಜ್ ನಿಂತಿದೆ ಅಂತ ಅವನಿಗೆ ಗೊತ್ತಾಗಿದ್ದು ಔಷಧಿ ಅಂಗಡಿಯಲ್ಲಿ, ಆಸ್ತಮಾ ಇನ್ಹೇಲರ್ ತರೋಕೆ ಹೋದಾಗ. ಬರಿಗೈಲಿ ವಾಪಸ್ ಬಂದ. ನನಗೆ ಫೋನ್ ಕೂಡ ಮಾಡಲಿಲ್ಲ, ತೊಂದರೆ ಕೊಡಬಾರದು ಅಂತ. ನಾಲ್ಕು ದಿನ ಆದ ಮೇಲೆ ನಾನೇ ಮಾಡಿದಾಗ ಅವನ ಉಸಿರು ಕೇಳಿಯೇ ಗೊತ್ತಾಯಿತು. ಬೇರೆ ಮಕ್ಕಳಾದರೆ ಅಂಥ ಪತ್ರ ಅಮ್ಮನ ಮನೆಗೆ ಬಂದು ಬೀಳುತ್ತದೆ ಅಲ್ವಾ?

ಹಾಗಾಗಿ ಅವಳು ಒಪ್ಪಿದರೆ ಅರ್ಜಿಯಲ್ಲೇ ನಿಮ್ಮನ್ನು ಅಧಿಕೃತ ಪ್ರತಿನಿಧಿ ಅಂತ ಹಾಕಿಸಿ. ಆಗ ಪತ್ರಗಳು ನಿಮಗೂ ಬರುವಂತೆ ಮಾಡಬಹುದು. ಮನೆ ಬದಲಿಸಿದಾಗಲೆಲ್ಲ ವಿಳಾಸ ಬದಲಿಸಿದೆಯಾ ಅಂತ ನೀವೇ ಕೇಳುತ್ತಿರಿ.

ಇನ್ನೊಂದು ಮಾತು. 21ರ ತನಕ ಹಲ್ಲು, ಕಣ್ಣಿನ ಚಿಕಿತ್ಸೆ ಮೆಡಿಕೇಡ್ ಕೊಡಲೇಬೇಕು. ಆಮೇಲೆ ಹಲ್ಲಿನ ಖರ್ಚು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಹುಳುಕು ಹಲ್ಲೇನಾದರೂ ಇದ್ದರೆ ಈಗಲೇ ತೋರಿಸಿಬಿಡಲಿ.