ಒಂದೇ ಕೋವಿ, ಹತ್ತಾರು ರೂಪ

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: "ಅಮೆರಿಕದಲ್ಲಿ ಕೆಲವರು ರೆಮಿಂಗ್ಟನ್ 870 ಅನ್ನೋ ಒಂದೇ ಮಾಡೆಲ್ ಪಂಪ್ ಕೋವಿಯನ್ನು ಇಪ್ಪತ್ತು ಮೂವತ್ತು ಕೊಂಡು ಗೋಡೆಗೆ ಸಾಲಾಗಿ ಜೋಡಿಸುತ್ತಾರಂತೆ. ಇದೇನು ಹುಚ್ಚು? ಹಾಗಂತ ನನಗೂ ಆಸೆ ಹುಟ್ಟಿದೆ. ಇಲ್ಲಿ ಸಾಧ್ಯವಾ? ಮನೆಯಲ್ಲಿ ತಾತನ ಕಾಲದ ಜೋಡುನಳಿಗೆ ಕೋವಿ ಇದೆ, ಲೈಸೆನ್ಸ್ ಅಪ್ಪನ ಹೆಸರಲ್ಲಿದೆ."

ಸಂಪಾದಕರ ಉತ್ತರ:

ಹುಚ್ಚು ಅಂತ ನೀವೇ ಅಂದು, ಆಸೆಯನ್ನೂ ನೀವೇ ಪಟ್ಟಿದ್ದೀರಿ. ಒಳ್ಳೆಯ ಲಕ್ಷಣ! ನಿಮ್ಮೂರಿನ ಗೂಡಿನ ಮಾರುಕಟ್ಟೆಗೆ ತುಮಕೂರಿನ ನನ್ನಂಥವನು ಬಂದರೆ ಎಲ್ಲಾ ರೇಷ್ಮೆಗೂಡೂ ಒಂದೇ ಥರ ಕಾಣುತ್ತೆ. ರೀಲರ್ ಮಾತ್ರ ಒಂದು ಹಿಡಿ ಎತ್ತಿ ನೋಡಿ ಬೆಲೆ ಕೂಗುತ್ತಾನೆ. ಒಂದೇ ಮಾಡೆಲ್ ಸಂಗ್ರಹಿಸುವವರಿಗೂ ಅಂಥದೇ ಕಣ್ಣು ಬೇಕು.

ಪಂಪ್ ಕೋವಿ ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟೆ ಏರಿಸುವಂಥದು. 870 ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ಅದಕ್ಕೂ ಮುಂಚಿನ, ರೆಮಿಂಗ್ಟನ್ ಕಂಪನಿಯದೇ ಮಾಡೆಲ್ 31 ಚೆನ್ನಾಗಿತ್ತು, ಆದರೆ ತಯಾರಿಸಲು ದುಬಾರಿ. ವಿಂಚೆಸ್ಟರ್ ಕಂಪನಿಯ ಮಾಡೆಲ್ 12ರ ಎದುರು ಅದು ಗೆಲ್ಲಲಿಲ್ಲ. 870 ಅಗ್ಗವಾಗಿತ್ತು, ಗಟ್ಟಿಯಾಗಿತ್ತು. 2009ರ ಹೊತ್ತಿಗೆ ತಯಾರಾದ ಕೋವಿಗಳ ಸಂಖ್ಯೆ ಒಂದು ಕೋಟಿ ದಾಟಿತು. ಇಷ್ಟು ವರ್ಷ, ಇಷ್ಟು ಸಂಖ್ಯೆಯಲ್ಲಿ ತಯಾರಾದ ಮೇಲೆ ರೂಪಗಳು ಜಾಸ್ತಿಯಾಗದೆ ಇರುತ್ತವೆಯೇ? ಹೊಳಪಿನ ಪಾಲಿಶ್, ವಾಲ್‌ನಟ್ ಮರದ ವಿಂಗ್‌ಮಾಸ್ಟರ್. 1987ರಲ್ಲಿ ಬಂದ, ಹೊಳಪಿಲ್ಲದ, ಕಡಿಮೆ ಬೆಲೆಯ ಎಕ್ಸ್‌ಪ್ರೆಸ್. ಉಪ್ಪುನೀರಿಗೆ ಅಂತಲೇ ನಿಕಲ್ ಲೇಪಿಸಿದ ಮರೀನ್ ಮ್ಯಾಗ್ನಮ್. ಪೊಲೀಸರಿಗೆ ಬೇರೆ, ಎಡಗೈಯವರಿಗೆ ಬೇರೆ. ಬೋರ್, ಅಂದರೆ ನಳಿಗೆಯ ಒಳಗಾತ್ರದಲ್ಲಿ 12, 16, 20 ಮೊದಲಿಂದಲೂ ಇದ್ದವು. 28 ಮತ್ತು .410 ಬಂದದ್ದು 1969ರಲ್ಲಿ.

ನನಗೆ ಇಷ್ಟವಾಗುವುದು ಇದಲ್ಲ, ನಳಿಗೆಯ ಎಡಮಗ್ಗುಲಲ್ಲಿ ಒತ್ತಿರುವ ಸಣ್ಣ ಅಕ್ಷರಗಳು. ಮೊದಲ ಅಕ್ಷರ ತಿಂಗಳು, ಎರಡನೆಯದು ವರ್ಷ. ತಿಂಗಳಿಗೆ ಕಂಪನಿಯವರು ಎ, ಬಿ, ಸಿ ಅಂತ ಸುಮ್ನೆ ಹೋಗಲಿಲ್ಲ. 'ಬ್ಲ್ಯಾಕ್ ಪೌಡರ್' (ಕೋವಿಯ ಕರಿಮದ್ದು) ಅಂತ ಇಂಗ್ಲಿಷಿನಲ್ಲಿ ಬರೆದು, ಕೊನೆಗೊಂದು ಎಕ್ಸ್ ಸೇರಿಸಿದರು: BLACKPOWDERX. ಸರಿಯಾಗಿ ಹನ್ನೆರಡು ಅಕ್ಷರ, ಒಂದೂ ಎರಡು ಸಲ ಬರುವುದಿಲ್ಲ. ಬಿ ಅಂದರೆ ಜನವರಿ, ಎಲ್ ಫೆಬ್ರವರಿ, ಎ ಮಾರ್ಚ್, ಹೀಗೆ ಎಕ್ಸ್ ಡಿಸೆಂಬರ್. ವರ್ಷದ ಅಕ್ಷರ ಮಾತ್ರ ಸುತ್ತಿ ಸುತ್ತಿ ಬರುತ್ತೆ. ಹಾಗಾಗಿ ಒಂದೇ ಅಕ್ಷರ ಎರಡು ಬೇರೆ ಕಾಲಕ್ಕೂ ಹೊಂದುತ್ತೆ. ಇನ್ನೊಂದು ತೊಡಕಿದೆ. ಮುಂದಿನ ಮುಚ್ಚಳ ತಿರುಗಿಸಿದರೆ 870ರ ನಳಿಗೆ ಕೈಗೇ ಬಂದುಬಿಡುತ್ತೆ. 1960ರ ದಶಕದ ಕೋವಿಗೆ ಎಂಬತ್ತರ ದಶಕದ ನಳಿಗೆ ಕೂತಿರಬಹುದು. ಅಕ್ಷರ ಹೇಳುವುದು ನಳಿಗೆಯ ವಯಸ್ಸನ್ನು, ಇಡೀ ಕೋವಿಯದ್ದಲ್ಲ. ಮೋಸ ಹೋಗುವ ಸಂಗ್ರಾಹಕರು ಹೆಚ್ಚಾಗಿ ಇಲ್ಲೇ ಹೋಗುವುದು.

ಇನ್ನು ನಿಮ್ಮ ಆಸೆ. ಕೋವಿಗಳ ಸಂಗ್ರಹ ಇಲ್ಲಿ ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಪಿತ್ರಾರ್ಜಿತವಾಗಿ ಬಂದರೂ ಎರಡರ ಮಿತಿ ದಾಟುವಂತಿಲ್ಲ. ವಿದೇಶಿ ಕೋವಿ ತರಿಸುವುದು 1980ರ ದಶಕದಿಂದಲೇ ಜನಸಾಮಾನ್ಯರಿಗೆ ನಿಂತುಹೋಗಿದೆ. ಪೊಲೀಸ್ ಮಾದರಿಯಂತೆ ನಳಿಗೆ 20 ಇಂಚಿಗಿಂತ ಚಿಕ್ಕದಾದರೆ ಅದು ಇನ್ನೂ ಬಿಗಿಯಾದ ವರ್ಗಕ್ಕೆ ಸೇರುತ್ತೆ. ಕಾಡುಹಂದಿ ಕಾಟಕ್ಕೆ ಕೋವಿ ಇಟ್ಟುಕೊಂಡ ನಮ್ಮ ರೈತರು ಚುನಾವಣೆ ಬಂದಾಗೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಹಿಡಿದು ಬರುತ್ತಾರೆ. ಅಂಥ ಕಡೆ ಮೂವತ್ತು ಕೋವಿಯ ಗೋಡೆಯನ್ನು ಊಹಿಸಿ ನೋಡಿ! ಈ ಕಟ್ಟುನಿಟ್ಟು ನನಗೇನೂ ತಪ್ಪು ಅನಿಸುವುದಿಲ್ಲ.

ಹಾಗಂತ ಕೈ ಚೆಲ್ಲಬೇಡಿ. ಹಳೇ ಕ್ಯಾಟಲಾಗು, ಜಾಹೀರಾತು, ಬಿಡಿಭಾಗಗಳ ನಕ್ಷೆ, ಇವಕ್ಕೆ ಲೈಸೆನ್ಸ್ ಬೇಡ. ಯಾವ ವರ್ಷ ಏನು ಬದಲಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಗೋಡೆ ತುಂಬಿಸಿಯೂ ಇದನ್ನು ಮಾಡದವರು ಅಲ್ಲೂ ಬೇಕಾದಷ್ಟಿದ್ದಾರೆ, ಅವರನ್ನು ನಾನು ಸಂಗ್ರಾಹಕರು ಅನ್ನುವುದಿಲ್ಲ.

ನಿಮ್ಮ ಜೋಡುನಳಿಗೆಯನ್ನೂ ನೋಡಬಹುದು. ನಿಮ್ಮ ತಂದೆಯವರೇ ಅದನ್ನು ತೆರೆದು, ತೋಟೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿ. ಆಮೇಲೆ ನಳಿಗೆಯ ತಳಭಾಗ ನೋಡಿ. ಕಿರೀಟದ ಕೆಳಗೆ ಬಿ.ಎನ್.ಪಿ. ಅಂತಿದ್ದರೆ ಆ ನಳಿಗೆ ಮದ್ದಿನ ಒತ್ತಡ ತಡೆಯುತ್ತದೆ ಅಂತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು, ಕಾಲ 1950ರ ದಶಕದ ನಡುವಿನಿಂದ ಈಚೆಗೆ. ಬೇರೆ ಗುರುತಿದ್ದರೆ ಪೆನ್ಸಿಲ್‌ನಲ್ಲಿ ಹಾಗೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. ಫೋಟೋ ಕಳಿಸುವುದಾದರೆ ಕೋವಿಯ ನಂಬರು ಕಾಣದಂತೆ ತೆಗೆಯಿರಿ.