ಲೇಸರ್ ಸ್ಕ್ಯಾನರ್ ಇದ್ದರೂ ಮರದ ಸಾಂದ್ರತೆ ಏಕೆ ಬೇಕು?

ಉಷ್ಣವಲಯದ ದೊಡ್ಡ ಮರವೊಂದನ್ನು ಕಡಿಯದೆ, ಲೇಸರ್ ಸ್ಕ್ಯಾನರಿನಿಂದಲೇ ಅದರ ತೂಕ ಹೇಳಬಹುದೇ, ಹೇಳಬಹುದಾದರೆ ಮರದ ಜಾತಿ, ಸಾಂದ್ರತೆ ಎಂದೆಲ್ಲ ಏಕೆ ವಿಚಾರಿಸುತ್ತಾರೆ ಎಂದು ಕೇಳಿದ್ದೀರಿ. ಲೇಸರ್ ಮರದ ಗಾತ್ರವನ್ನು ಅಳೆಯುತ್ತದೆ, ತೂಕವನ್ನಲ್ಲ. ತೂಕ ಬೇಕಾದರೆ ಆ ಗಾತ್ರವನ್ನು ಸಾಂದ್ರತೆಯಿಂದ, ಅಂದರೆ ಒಂದು ಘನಮೀಟರ್ ಮರದ ಒಣ ತೂಕದಿಂದ ಗುಣಿಸಬೇಕು. ಕ್ಯಾಮರೂನಿನ ಕಾಡಿನಲ್ಲಿ ಅಯೂಸ್ ಎಂಬ ಹಗುರ ಮರವಿದೆ, ಅಜೋಬೆ ಎಂಬ ಭಾರದ ಮರವೂ ಇದೆ. ಎರಡರಲ್ಲೂ ಸ್ಕ್ಯಾನರ್ ಹತ್ತು ಘನಮೀಟರ್ ಎಂದೇ ತೋರಿಸಿತು ಎನ್ನೋಣ. ಅಯೂಸಿನಲ್ಲಿ ಒಣ ತೂಕ ಸುಮಾರು ಮೂರೂವರೆ ಟನ್. ಅಜೋಬೆಯಲ್ಲಿ ಒಂಬತ್ತರ ಆಸುಪಾಸು. ನಮ್ಮ ಬೂರುಗಕ್ಕೂ ಕಗ್ಗಲಿಗೂ ಇರುವಂಥದ್ದೇ ಅಂತರ.

ನಾನು ಮರದ ತುಣುಕುಗಳನ್ನು ಒಣಗಿಸಿ ತೂಗುವ ಕಡೆಯವನು, ಸ್ಕ್ಯಾನರ್ ಹೊರುವವನಲ್ಲ. ಮಾತಿನಲ್ಲಿ ಪಕ್ಷಪಾತ ಕಂಡರೆ ಅದಕ್ಕೆ ಇದೇ ಕಾರಣ.

ಹಾಗೆಂದು ಲೇಸರಿನ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಮೊದಲು ಎಲ್ಲರೂ ಸೂತ್ರವನ್ನೇ ನಂಬಿದ್ದರು: ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ ಕಾಂಡದ ವ್ಯಾಸ, ಮರದ ಎತ್ತರ, ಸಾಂದ್ರತೆ, ಈ ಮೂರನ್ನು ಹಾಕಿದರೆ ತೂಕ. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಸೂತ್ರವನ್ನು ಫ್ರೆಂಚ್ ಪರಿಸರ ವಿಜ್ಞಾನಿ ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. 58 ಸ್ಥಳಗಳಲ್ಲಿ ಕಡಿದು ತೂಗಿದ 4,004 ಮರಗಳು ಅದರ ಆಧಾರ. ಆದರೆ ಆ ಸಾವಿರಾರು ಮರಗಳಲ್ಲಿ ನಿಜವಾಗಿಯೂ ಬೃಹತ್ ಎನ್ನಬಹುದಾದವು ಕಡಿಮೆ. ಐವತ್ತು ಮೀಟರ್ ಎತ್ತರದ, ಹಲಗೆಬೇರು ಚಾಚಿದ ಮರವನ್ನು ಕಡಿದು, ತುಂಡು ಮಾಡಿ ತೂಗುವುದು ಎಷ್ಟು ಕಷ್ಟವೆಂದು ಯೋಚಿಸಿದರೆ ಯಾಕೆಂದು ತಿಳಿಯುತ್ತದೆ. ಕಾಡಿನ ಇಂಗಾಲದ ದೊಡ್ಡ ಪಾಲು ಅಡಗಿರುವುದು ಅಂಥ ಮರಗಳಲ್ಲೇ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೆರು, ಗಯಾನ ಮತ್ತು ಇಂಡೋನೇಷ್ಯಾಗಳ 29 ಮರಗಳನ್ನು ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಕಡಿದು ಪರೀಕ್ಷಿಸಿದರು. ದೊಡ್ಡ ಮರಗಳ ವಿಷಯದಲ್ಲಿ ಲೇಸರ್ ಲೆಕ್ಕವೇ ಸೂತ್ರಗಳಿಗಿಂತ ಹತ್ತಿರ ಬಂದಿತ್ತು.

ಸ್ಕ್ಯಾನರನ್ನು ಮುಕ್ಕಾಲಿಯ ಮೇಲಿಟ್ಟು ಮರದ ಸುತ್ತ ಹಲವು ಕಡೆಗಳಿಂದ ಅಳೆಯುತ್ತಾರೆ. ಸಿಗುವ ಕೋಟ್ಯಂತರ ಬಿಂದುಗಳ ರಾಶಿಯಿಂದ ಆ ಒಂದು ಮರವನ್ನು ಬೇರ್ಪಡಿಸಿ, ಕಾಂಡಕ್ಕೂ ಕೊಂಬೆಗಳಿಗೂ ಸಣ್ಣ ಸಣ್ಣ ಸಿಲಿಂಡರುಗಳನ್ನು ಹೊಂದಿಸಿ ಗಾತ್ರ ಕೂಡಿಸುತ್ತಾರೆ. ಗಾಳಿ ಬೀಸಿದರೆ ತೆಳ್ಳನೆಯ ಕೊಂಬೆಗಳು ದಪ್ಪಗೆ ಕಾಣುತ್ತವೆ. ಎಲೆ ದಟ್ಟವಾಗಿದ್ದರೆ ನೆತ್ತಿಯ ಭಾಗ ಕಾಣುವುದೇ ಇಲ್ಲ.

ಇನ್ನು ಸಾಂದ್ರತೆ. ಇಲ್ಲಿ ಬೇಕಾದದ್ದು ಒಂದು ನಿರ್ದಿಷ್ಟ ಅಂಕಿ: ಓವನ್‌ನಲ್ಲಿ ಸುಮಾರು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದ ತುಣುಕಿನ ತೂಕವನ್ನು, ಅದೇ ತುಣುಕು ಹಸಿಯಾಗಿದ್ದಾಗಿನ ಗಾತ್ರದಿಂದ ಭಾಗಿಸಿದ್ದು. ಮರಮುಟ್ಟಿನ ಕೈಪಿಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅದಲ್ಲ, ಶೇಕಡ 12 ತೇವಾಂಶವಿರುವ ಮರದ ಸಾಂದ್ರತೆ. ಅದನ್ನು ನೇರವಾಗಿ ಹಾಕಿದರೆ ತೂಕ ಐದನೇ ಒಂದು ಪಾಲಿನಷ್ಟು ಹೆಚ್ಚಿಬಿಡುತ್ತದೆ, 0.828ರಿಂದ ಗುಣಿಸಿಕೊಂಡರೆ ಸರಿಹೋಗುತ್ತದೆ. ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನರ್ ತಂದು, ಕೊನೆಯ ಸಾಲಿನಲ್ಲಿ ಕೈಪಿಡಿಯ ಅಂಕಿಯನ್ನು ನೋಡದೆ ಇಳಿಸಿಕೊಳ್ಳುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಸರಿಯಾದ ಅಂಕಿ ಸಿಕ್ಕರೂ ಅದು ಜಾತಿಯ ಸರಾಸರಿ, ಮರ ಒಳಗಿನಿಂದ ಹೊರಗಿನವರೆಗೆ ಒಂದೇ ಸಮನಾಗಿರುವುದಿಲ್ಲ. ಬಯಲು ಸಿಕ್ಕಲ್ಲಿ ಸರಸರನೆ ಏಳುವ ಜಾತಿಗಳಲ್ಲಿ ನಡುಭಾಗ ಹಗುರ, ತೊಗಟೆಯ ಕಡೆಗೆ ಬರಬರುತ್ತ ಗಟ್ಟಿ. ಟೊಳ್ಳು ಬೈರಿಗೆಯಿಂದ ಕೊರೆದು ತೆಗೆದ ಕಡ್ಡಿಯನ್ನು ಇಡಿಯಾಗಿ ತೂಗಿದರೆ ಇದು ಮರೆಯಾಗುತ್ತದೆ, ಏಕೆಂದರೆ ತ್ರಿಜ್ಯದ ಒಳ ಅರ್ಧ ಕಾಂಡದ ಅಡ್ಡಕೊಯ್ತದಲ್ಲಿ ಕಾಲು ಭಾಗ ಮಾತ್ರ. ಕಡ್ಡಿಯನ್ನು ತುಂಡು ಮಾಡಿ, ಸರಾಸರಿ ತೆಗೆಯುವಾಗ ಪ್ರತಿ ತುಂಡಿನ ಸಾಂದ್ರತೆಗೂ ಅದರ ಉಂಗುರದ ವಿಸ್ತೀರ್ಣದಷ್ಟೇ ಪ್ರಾಮುಖ್ಯ ಕೊಡಬೇಕು. ಬುಡದಿಂದ ತುದಿಗೆ ಹೋಗುವಾಗಲೂ ಬದಲಾವಣೆ ಇದೆ. ಮಧ್ಯ ಆಫ್ರಿಕದ ಮರಗಳಲ್ಲಿ ಕಂಡದ್ದು ಹೀಗೆ: ಬುಡದಲ್ಲಿ ಭಾರವಿರುವ ಜಾತಿಗಳು ಮೇಲೆ ಹಗುರಾಗುತ್ತವೆ, ಬುಡದಲ್ಲಿ ಹಗುರವಿರುವವು ಮೇಲೆ ಗಟ್ಟಿಯಾಗುತ್ತವೆ. ದೊಡ್ಡ ಮರದಲ್ಲಿ ತೂಕದ ಮೂರನೇ ಒಂದಕ್ಕೂ ಹೆಚ್ಚು ಪಾಲು ಕೊಂಬೆಗಳಲ್ಲಿರುವುದು ಸಾಮಾನ್ಯವಾದ್ದರಿಂದ, ಎದೆಮಟ್ಟದ ಒಂದು ತುಣುಕಿನಿಂದ ಇಡೀ ಮರವನ್ನು ತೂಗುವುದು ಧೈರ್ಯದ ಕೆಲಸ.

ನಿಮಗೆ ಹಣ ಸೀಮಿತವಾಗಿದ್ದರೆ ನನ್ನ ಸಲಹೆ ಇಷ್ಟು. ಸ್ಕ್ಯಾನರನ್ನು ವ್ಯಾಸ 70 ಸೆಂಟಿಮೀಟರಿಗಿಂತ ಹೆಚ್ಚಿರುವ ಮರಗಳಿಗೆ ಮೀಸಲಿಡಿ, ಉಳಿದವಕ್ಕೆ ಸೂತ್ರ ಸಾಕು. ನಿಮ್ಮ ಕಾಡಿನಲ್ಲಿ ಹೆಚ್ಚು ಜಾಗ ಹಿಡಿದಿರುವ ಕೆಲವೇ ಜಾತಿಗಳನ್ನು ಆರಿಸಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಬೈರಿಗೆ ಹಾಕಿ. ಗಾಳಿಗೆ ಬಿದ್ದ ಹಸಿ ಕೊಂಬೆ ಸಿಕ್ಕರೆ ಬಿಡಬೇಡಿ, ಮೇಲಿನ ಭಾಗದ ಸಾಂದ್ರತೆ ತಿಳಿಯಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಜಾತಿಯ ಹೆಸರು ತಿಳಿಯದಿದ್ದರೆ ಅದೇ ಕುಲದ ಸರಾಸರಿಯನ್ನು ತೆಗೆದುಕೊಳ್ಳಬಹುದು, ಇಡೀ ಕಾಡಿಗೆ ಒಂದೇ ಅಂಕಿ ಹಾಕುವುದಕ್ಕಿಂತ ಅದು ಮೇಲು. ಕಾಂಡದೊಳಗೆ ಪೊಟರೆ ಇದ್ದರೆ ಮಾತ್ರ ಲೇಸರ್ ಹೊರಗಿನ ತೊಗಟೆಯನ್ನಷ್ಟೇ ನೋಡಿ ತುಂಬಿದ ಮರವೆಂದೇ ಲೆಕ್ಕ ಹಾಕುತ್ತದೆ. ಬಡಿದು ನೋಡಿ ಸದ್ದಿನಲ್ಲಿ ಅನುಮಾನ ಬಂದ ಮರಗಳನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಗುರುತು ಮಾಡಿಡಿ.