ಶ್ಯೂರಿಟಿ ಹಾಕಿದವನು ಹಿಂದೆ ಸರಿಯೋಕೆ ಆಗುತ್ತಾ?

ಪ್ರಶ್ನೆ: ಹೊಡೆದಾಟದ ಕೇಸಲ್ಲಿ ದೊಡ್ಡಪ್ಪನ ಮಗನಿಗೆ ನಾನು ಮತ್ತೆ ಪಕ್ಕದೂರಿನ ಇನ್ನೊಬ್ರು ಸೇರಿ ಶ್ಯೂರಿಟಿ ಹಾಕಿದ್ವಿ, 50,000 ರೂಪಾಯಿ ಬಾಂಡು, ನನ್ನ ಪಹಣಿ ಕೊಟ್ಟಿದೀನಿ. ಈಗ ಅವನು ಎರಡು ವಾಯಿದೆಗೆ ಹೋಗಿಲ್ಲ, ವಕೀಲ್ರು ಹುಷಾರಿಲ್ಲ ಅಂತ ಅರ್ಜಿ ಹಾಕಿದಾರಂತೆ, ಫೋನೂ ಸರಿಯಾಗಿ ಎತ್ತಲ್ಲ. ಜಮೀನು ಹೋಗುತ್ತೆ ಅಂತ ಮನೇಲಿ ದಿನಾ ಅಳು. ಏನಾದ್ರೂ ಆದ್ರೆ ನಾನೇ ಹೊಣೆ ಅಂತ ಅವನ ಹತ್ರ ಬಾಂಡ್ ಪೇಪರಲ್ಲಿ ಬರೆಸಿಕೊಂಡ್ರೆ ಸಾಕಾ?
— ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಸಾಕಾಗಲ್ಲ. ನೀವು ಮುಚ್ಚಳಿಕೆ ಬರೆದುಕೊಟ್ಟಿರೋದು ಕೋರ್ಟಿಗೆ, ಅವನಿಗಲ್ಲ, ಹಂಗಾಗಿ ಬಿಡಿಸಬೇಕಾದ್ದೂ ಕೋರ್ಟೇ. ಆದ್ರೆ ದಾರಿ ಇದೆ, ಧೈರ್ಯವಾಗಿರಿ. ಜಾಮೀನುದಾರ ಯಾವಾಗ ಬೇಕಾದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ನನ್ನನ್ನ ಬಿಡುಗಡೆ ಮಾಡಿ ಅಂತ ಕೇಳಬಹುದು, ಇನ್ನೊಬ್ರು ಶ್ಯೂರಿಟಿ ಒಪ್ಪಬೇಕು ಅಂತಿಲ್ಲ, ನಿಮ್ಮ ಮಟ್ಟಿಗೆ ಮಾತ್ರನೂ ಕೇಳಬಹುದು. ಮೊದಲು ಇದು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿ 444ರಲ್ಲಿತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಲಿ 489ನೇ ಸೆಕ್ಷನ್, ನಂಬರ್ ಬದಲಾಗಿದೆ ಅಷ್ಟೆ.

ತುಂಬಾ ಜನ ಎಡವೋದು ಇಲ್ಲೇ ನೋಡಿ, ಅರ್ಜಿ ಕೊಟ್ಟು ಬಂದ್ವಿ ಇನ್ನು ನಮಗೆ ಸಂಬಂಧ ಇಲ್ಲ ಅಂತ ಮನೇಲಿ ಕೂತುಬಿಡ್ತಾರೆ. ಅರ್ಜಿ ಹಾಕಿದ್ಮೇಲೆ ಕೋರ್ಟು ಅವನ ಮೇಲೆ ಅರೆಸ್ಟ್ ವಾರಂಟ್ ಹೊರಡಿಸುತ್ತೆ, ಪೊಲೀಸ್ರು ಕರೆತರಬೇಕು ಇಲ್ಲಾ ಅವನೇ ಬಂದು ಶರಣಾಗಬೇಕು, ಆಮೇಲಷ್ಟೇ ನಿಮ್ಮ ಬಾಂಡು ರದ್ದಾಗೋದು. ಬೇರೆ ಶ್ಯೂರಿಟಿ ಕೊಡು ಅಂತ ಅವನಿಗೆ ಹೇಳ್ತಾರೆ, ಕೊಡದಿದ್ರೆ ಜೈಲಿಗೆ ಕಳಿಸಬಹುದು. ಅವನು ಸಿಗೋವರೆಗೂ ಹೊಣೆ ನಿಮ್ಮದೇ.

ಅದಕ್ಕೇ ಹೇಳ್ತಿದೀನಿ, ಅವನು ಎಲ್ಲಿದಾನೆ ಅಂತ ಗೊತ್ತಿರುವಾಗಲೇ ಹೋಗಿ. ಇವತ್ತೇ ಇ-ಕೋರ್ಟ್ಸ್ ಆ್ಯಪಲ್ಲಿ ಕೇಸ್ ನಂಬರ್ ಹಾಕಿ ವಾರಂಟ್ ಆಗಿದೆಯಾ, ಶ್ಯೂರಿಟಿಗೆ ನೋಟಿಸ್ ಅಂತ ಬಂದಿದೆಯಾ ನೋಡ್ಕೊಳ್ಳಿ. ಅವನ ಅಪ್ಪ ಅಮ್ಮನ ಹತ್ರ ಕೂತು ಮಾತಾಡಿ, ಸಾಧ್ಯ ಆದ್ರೆ ಮುಂದಿನ ವಾಯಿದೆಗೆ ಅವನನ್ನ ನೀವೇ ಜೊತೇಲಿ ಬಸ್ ಹತ್ತಿಸ್ಕೊಂಡು ಹೋಗಿ, ನಿಮ್ಮ ಬದಲಿಗೆ ನಿಲ್ಲೋ ಹೊಸ ಶ್ಯೂರಿಟಿ ಪಹಣಿ, ಆಧಾರ್ ಇಟ್ಕೊಂಡು ರೆಡಿ ಇರಲಿ, ಅವತ್ತೇ ಅರ್ಜಿ ಹಾಕಿ. ಅವನು ಜೈಲಿಗೆ ಹೋಗೋದೂ ತಪ್ಪಬಹುದು, ಸಂಬಂಧನೂ ಉಳಿಯುತ್ತೆ. ಅಣ್ಣತಮ್ಮಂದಿರ ಮೇಲೆ ವಾರಂಟ್ ಮಾಡಿಸಿದ ಅಂತ ಊರಲ್ಲಿ ಮಾತು ಬರುತ್ತೆ ಅನ್ನೋ ಸಂಕಟ ನನಗೆ ಅರ್ಥ ಆಗುತ್ತೆ, ಆದ್ರೆ ಅವನು ಮಾತು ಕೇಳದಿದ್ರೆ ಕಾಯಬೇಡಿ.

ಅಷ್ಟರಲ್ಲಿ ಅವನು ಪರಾರಿಯಾಗಿ ಬಾಂಡು ಮುಟ್ಟುಗೋಲಾದ್ರೆ ನಿಮಗೆ ನೋಟಿಸ್ ಬರುತ್ತೆ, ದಂಡ ಕಟ್ಟಿ ಇಲ್ಲಾ ಯಾಕೆ ಕಟ್ಟಬಾರದು ಹೇಳಿ ಅಂತ. ಅದನ್ನ ಮೂಲೆಗೆ ಎಸೀಬೇಡಿ, ಹಣ ವಸೂಲಾಗದಿದ್ರೆ ಜಾಮೀನುದಾರನಿಗೆ 6 ತಿಂಗಳವರೆಗೂ ಸಿವಿಲ್ ಜೈಲು ಆಗಬಹುದು. ಹುಡುಕೋಕೆ ಏನೇನು ಮಾಡಿದ್ರಿ, ಯಾವತ್ತು ಸ್ಟೇಷನ್‌ಗೆ ಬರೆದುಕೊಟ್ರಿ ಎಲ್ಲಾ ತೋರಿಸಿ, ಕಾರಣ ಬರೆದು ದಂಡದಲ್ಲಿ ಒಂದಷ್ಟು ಬಿಡೋ ಅಧಿಕಾರ ಜಡ್ಜಿಗಿದೆ. ಹೊಡೆದಾಟದ ಶಿಕ್ಷೆ ಮಾತ್ರ ನಿಮಗೆ ಬರಲ್ಲ, ಮನೇಲಿ ಇದನ್ನ ಹೇಳಿ.

ಅವನ ವಕೀಲ್ರ ಕೈಲೇ ಅರ್ಜಿ ಹಾಕಿಸಬೇಡಿ, ಅವರು ನೋಡೋದು ಅವನ ಹಿತ. ದುಡ್ಡಿನ ತೊಂದರೆ ಇದ್ರೆ ತಾಲೂಕು ಕಾನೂನು ಸೇವಾ ಸಮಿತಿಲಿ ಕೇಳಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಬಿಡುಗಡೆ ಆರ್ಡರ್ ಆದ್ಮೇಲೆ ಸರ್ಟಿಫೈಡ್ ಕಾಪಿ ತಗೊಳ್ಳಿ, ಪಹಣಿಲಿ ಶ್ಯೂರಿಟಿ ಅಂತ ಎಂಟ್ರಿ ಆಗಿದ್ರೆ ಆ ಕಾಪಿ ಇಟ್ಟು ತೆಗೆಸೋಕೆ ತಹಸೀಲ್ದಾರ್ ಆಫೀಸಿಗೆ ಅರ್ಜಿ ಕೊಡಿ.